ಕೈಕೊಟ್ಟ ನುಡಿಗಟ್ಟು

ವಿಭಾಗದ ವಾರ್ತಾಪತ್ರಿಕೆಗೆ ಈ ಬಾರಿ ಹಳಗನ್ನಡ ಛಂದಸ್ಸಿನ ಕುರಿತು ಬರೆಯುವುದಾಗಿ ಸಂಪಾದಕ ಮಂಡಳಿಯ ವಿದ್ಯಾರ್ಥಿಗಳಿಗೆ ಮಾತು ಕೊಟ್ಟಿದ್ದೆ. ಆ ಮಾತನ್ನು ಮುರಿಯುತ್ತಿದ್ದೇನೆ. ಬರೆಯಲು ಕುಳಿತಾಗಲೆಲ್ಲ ಎರಡು ವರ್ಷಗಳಿಂದ ಮನಸ್ಸನ್ನು ಕುಟುಕುತ್ತಿರುವ ಇನ್ನೊಂದು ವಿಷಯ ಅಡ್ಡಬರುತ್ತಿದೆ. ಅದು ಇಂಗ್ಲಿಷ್ ನುಡಿಗಟ್ಟುಗಳಿಗೆ ಸಂಬಂಧಿಸಿದ್ದು. ಕನ್ನಡ ಅಧ್ಯಾಪಕನಿಗೆ ಇಂಗ್ಲಿಷ್ ನುಡಿಗಟ್ಟುಗಳ ಗೊಡವೆ ಏಕೆ ಎಂದು ಕೇಳಬಹುದು. ಗೊಡವೆ ನಾನಾಗಿ ಹಚ್ಚಿಕೊಂಡದ್ದಲ್ಲ. ತಪ್ಪೊಂದನ್ನು ಮಾಡಿ ತಲೆಯ ಮೇಲೆ ಎಳೆದುಕೊಂಡದ್ದು.

ನಮ್ಮ ಐಚ್ಛಿಕ ಕನ್ನಡದ ಒಬ್ಬ ವಿದ್ಯಾರ್ಥಿ, ತಳಿಯ ಆಚೆಯ ಹಳ್ಳಿಯವನು, ಅಂತಿಮ ವರ್ಷದಲ್ಲಿರುವಾಗಲೇ ಗುಲಾಬಿ ಬೆಳೆಯುವ ಒಂದು ಹಸಿರುಮನೆಯಲ್ಲಿ ಅರೆಹೊತ್ತಿನ ಕೆಲಸ ಮಾಡುತ್ತಿದ್ದ. ಹೊಸೂರಿನ ಗುಲಾಬಿ ಹೊರದೇಶಗಳಿಗೆ ಹೋಗುವುದು ನಿಮಗೆಲ್ಲ ಗೊತ್ತು. ಫೆಬ್ರುವರಿ ಎರಡನೆಯ ವಾರ ಅಲ್ಲಿಯವರಿಗೆ ಸುಗ್ಗಿಯ ಕಾಲ. ಜನವರಿ ಮೊದಲಲ್ಲಿ ಅವನು ಸಿಪ್‌ಕಾಟ್ ಕಡೆಯ ಒಂದು ಕಾರ್ಖಾನೆಗೆ ಸಂದರ್ಶನಕ್ಕೆ ಹೋದ. ಉಗ್ರಾಣದ ಲೆಕ್ಕ ಬರೆಯುವ ಹುದ್ದೆ. ಸಂದರ್ಶನ ಮುಗಿದ ಮೇಲೆ ಅಧಿಕಾರಿಯೊಬ್ಬರು ಕೈಕುಲುಕಿ, ನಗುತ್ತ, ‘ವಿ ವಿಲ್ ಕೀಪ್ ಯು ಪೋಸ್ಟೆಡ್’ ಎಂದರಂತೆ. ಹುಡುಗ ಗೇಟಿನ ಹೊರಗೆ ಬಂದವನೇ ನನಗೆ ಫೋನ್ ಮಾಡಿದ. ಅವನ ಲೆಕ್ಕಾಚಾರ ಸರಳವಾಗಿತ್ತು. ‘ಕೀಪ್’ ಎಂದರೆ ಇಟ್ಟುಕೊಳ್ಳುವುದು, ‘ಪೋಸ್ಟ್’ ಎಂದರೆ ಹುದ್ದೆ. ಹುದ್ದೆಯಲ್ಲಿ ಇಟ್ಟುಕೊಳ್ಳುತ್ತೇವೆ ಎಂದಿದ್ದಾರೆ. ‘ಅಲ್ಲವೇ ಸಾರ್?’ ಎಂದು ಕೇಳಿದ.

ನಾನು ಏನು ಹೇಳಿದೆನೆಂಬುದೇ ಈ ಲೇಖನಕ್ಕೆ ಕಾರಣ. ಮೂವತ್ತು ವರ್ಷಗಳ ನೌಕರಿಯಲ್ಲಿ ನಾನು ಕೇಳಿದ ‘ಪೋಸ್ಟಿಂಗ್’ ಒಂದೇ: ಯಾರನ್ನು ಯಾವ ಊರಿಗೆ ಹಾಕಿದರು ಎಂಬುದು. ‘ಇನ್ನೇನಪ್ಪ, ಪೋಸ್ಟಿಂಗ್ ಆದಂತೆಯೇ. ಆದೇಶ ಕೈಸೇರುವುದೊಂದು ಬಾಕಿ’ ಎಂದುಬಿಟ್ಟೆ. ಅಭಿನಂದನೆಯನ್ನೂ ಹೇಳಿದೆ.

ಅವನು ಮರುದಿನವೇ ಹಸಿರುಮನೆಯ ಕೆಲಸ ಬಿಟ್ಟ. ತಾಯಿ ಬೀದಿಯ ಮನೆಮನೆಗೂ ಸಕ್ಕರೆ ಹಂಚಿದರು. ಎರಡು ಜೊತೆ ಅಂಗಿ-ಪ್ಯಾಂಟು, ಒಂದು ಜೊತೆ ಬೂಟು ಸಾಲದಲ್ಲಿ ಬಂದವು. ಜನವರಿ ಕಳೆಯಿತು. ಫೆಬ್ರುವರಿಯ ಗುಲಾಬಿ ಸುಗ್ಗಿ, ಹೆಚ್ಚುವರಿ ಕೂಲಿಯ ದಿನಗಳು, ಅವನಿಲ್ಲದೆ ಕಳೆದವು. ಮಾರ್ಚಿನಲ್ಲಿ ಫೋನ್ ಮಾಡಿ ವಿಚಾರಿಸಿದಾಗ ಆ ಹುದ್ದೆ ಬೇರೆಯವರಿಗೆ ಹೋಗಿ ತಿಂಗಳಾಗಿತ್ತು. ಅವರು ಹೇಳಿದ್ದು ಇಷ್ಟೇ: ‘ಮುಂದಿನ ಸಮಾಚಾರವನ್ನು ನಿಮಗೆ ತಿಳಿಸುತ್ತಿರುತ್ತೇವೆ.’ ಆ ಸಮಾಚಾರವನ್ನೂ ಅವರು ತಿಳಿಸಲಿಲ್ಲ ಎಂಬುದು ಬೇರೆ ಮಾತು. ನಿಘಂಟು ತೆರೆದು ನೋಡಿದೆ. ವ್ಯಾಪಾರಿಗಳು ದಿನದ ವಹಿವಾಟನ್ನು ಖಾತೆಪುಸ್ತಕಕ್ಕೆ ಏರಿಸುವುದಕ್ಕೆ ಇಂಗ್ಲಿಷಿನಲ್ಲಿ ‘ಪೋಸ್ಟ್’ ಮಾಡುವುದು ಎನ್ನುತ್ತಾರೆ. ಖಾತೆಯನ್ನು ದಿನದಿನಕ್ಕೆ ಸರಿಯಾಗಿಡುವಂತೆ ಮನುಷ್ಯನಿಗೂ ಸುದ್ದಿಯನ್ನು ಸರಿಯಾಗಿ ಮುಟ್ಟಿಸುವುದು ಎಂಬ ಅರ್ಥ ಅಲ್ಲಿಂದ ಬಂದದ್ದು. ಲೆಕ್ಕ ಬರೆಯುವ ಹುದ್ದೆಗೆ ಹೋದವನು ಲೆಕ್ಕದ ಪುಸ್ತಕದಿಂದಲೇ ಹುಟ್ಟಿದ ಮಾತಿನಲ್ಲಿ ಮುಗ್ಗರಿಸಿದ. ಅವನನ್ನು ಮುಗ್ಗರಿಸುವಂತೆ ಮಾಡಿದವನು ನಾನು.

ಹುಡುಗ ನನ್ನೆದುರು ನಿಂತು ಕೋಪ ಮಾಡಿಕೊಳ್ಳಲಿಲ್ಲ. ‘ನೀವೇ ಹೇಳಿದಿರಲ್ಲ, ಸಾರ್’ ಎಂದಷ್ಟೇ ಅಂದ. ಕೋಪ ಮಾಡಿಕೊಂಡಿದ್ದರೆ ಚೆನ್ನಾಗಿತ್ತು.

ಆ ರಾತ್ರಿ ನನಗೆ ನೆನಪಾದದ್ದು ನಿಪ್ಪಾಣಿ ಸೀಮೆಯ ನನ್ನ ಶಾಲೆ. ನಾಲ್ಕನೆಯ ತರಗತಿಯವರೆಗೆ ನಾನು ಮರಾಠಿ ಶಾಲೆಯಲ್ಲಿ ಓದಿದವನು. ಐದನೆಯ ತರಗತಿಗೆ ಕನ್ನಡ ಶಾಲೆಗೆ ಹಾಕಿದರು. ಮನೆಯಲ್ಲಿ ಎರಡೂ ಭಾಷೆ ನಡೆಯುತ್ತಿದ್ದುದರಿಂದ ಕನ್ನಡ ಬರುತ್ತದೆ ಎಂಬ ಧೈರ್ಯ ನನಗಿತ್ತು. ಆ ವರ್ಷ ಅಪ್ಪನ ತಂಬಾಕಿನ ಬೆಳೆ ಕೆಟ್ಟಿತ್ತು. ನನ್ನ ಪುಸ್ತಕ, ಬಟ್ಟೆ, ಶುಲ್ಕ ಎಲ್ಲವನ್ನೂ ಸೋದರಮಾವ ಕೊಟ್ಟಿದ್ದ. ‘ನಾನು ಗೌರವಿಸುವ ವ್ಯಕ್ತಿ’ ಎಂಬ ಪ್ರಬಂಧ ಬರೆಯಲು ಮಾಸ್ತರರು ಹೇಳಿದಾಗ ಅವನ ಬಗ್ಗೆಯೇ ಬರೆದೆ. ಕೊನೆಯ ವಾಕ್ಯಕ್ಕೆ ಬಹಳ ಯೋಚಿಸಿದ್ದೆ. ಮರಾಠಿಯಲ್ಲಿ ‘ಮಾಮಾಂನೀ ಆಮ್ಹಾಲಾ ಹಾತ್ ದಿಲಾ’ ಎಂದರೆ ಮಾವ ನಮಗೆ ನೆರವಾದರು ಎಂದು ಅರ್ಥ. ಹಾತ್ ಎಂದರೆ ಕೈ, ದಿಲಾ ಎಂದರೆ ಕೊಟ್ಟ. ಆದುದರಿಂದ ನಾನು ಬರೆದೆ: ‘ನಮ್ಮ ಕಷ್ಟಕಾಲದಲ್ಲಿ ಮಾವ ನಮಗೆ ಕೈಕೊಟ್ಟರು.’

ಮಾಸ್ತರರು ಅದನ್ನು ಗಟ್ಟಿಯಾಗಿ ಓದಿದರು. ತರಗತಿ ನಕ್ಕಿತು. ನನಗೆ ನಗುವಿನ ಕಾರಣವೇ ತಿಳಿಯಲಿಲ್ಲ. ಕನ್ನಡದಲ್ಲಿ ಕೈಕೊಡುವುದೆಂದರೆ ನಂಬಿದವರನ್ನು ನಡುನೀರಿನಲ್ಲಿ ಬಿಡುವುದು ಎಂದು ಅವರು ವಿವರಿಸಿದ ಮೇಲೆ ಬೆವತುಹೋದೆ. ತರಗತಿಯಲ್ಲಿ ನಮ್ಮ ಬೀದಿಯ ಹುಡುಗರಿದ್ದರು. ಸಂಜೆಯೊಳಗೆ ಮಾತು ಮಾವನ ಮನೆ ಮುಟ್ಟಿತು; ‘ನಿಮ್ಮ ಅಳಿಯ ನೀವು ಕೈಕೊಟ್ಟಿರಿ ಎಂದು ಶಾಲೆಯಲ್ಲಿ ಬರೆದಿದ್ದಾನೆ’ ಎಂಬ ರೂಪದಲ್ಲಿ. ಮಾವನಿಗೆ ಎರಡೂ ಭಾಷೆ ಬರುತ್ತಿತ್ತು. ನನ್ನಿಂದ ಏನಾಗಿದೆ ಎಂಬುದು ಅವನಿಗೆ ತಿಳಿಯದೆ ಇರಲಿಲ್ಲ. ಆದರೂ ಅತ್ತೆ ಒಂದು ವರ್ಷ ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ.

ಇಷ್ಟೆಲ್ಲ ಅನುಭವವಿದ್ದ ನಾನು ‘ಕೀಪ್ ಯು ಪೋಸ್ಟೆಡ್’ ಎಂಬುದರ ಮುಂದೆ ಎಚ್ಚರ ತಪ್ಪಿದ್ದೇಕೆ? ಇದನ್ನು ಯೋಚಿಸುತ್ತಿರುವಾಗ ನಾವು ತರಗತಿಯಲ್ಲಿ ಪಾಠ ಮಾಡುವ ಕಾವ್ಯಮೀಮಾಂಸೆಯೇ ನೆರವಿಗೆ ಬಂತು. ಶಬ್ದಶಕ್ತಿಗಳ ಪಾಠವನ್ನು ನೀವು ಪರೀಕ್ಷೆಗೆಂದು ಉರು ಹೊಡೆಯುತ್ತೀರಿ: ಅಭಿಧಾ, ಲಕ್ಷಣಾ, ವ್ಯಂಜನಾ. ಲಕ್ಷಣೆ ಹುಟ್ಟಬೇಕಾದರೆ ಮೂರು ಸಂಗತಿಗಳು ಕೂಡಬೇಕು ಎಂದು ಮಮ್ಮಟ ಹೇಳುತ್ತಾನೆ. ಮೊದಲನೆಯದು, ಪದದ ಮುಖ್ಯಾರ್ಥಕ್ಕೆ ಬಾಧೆ ಬರಬೇಕು. ಎರಡನೆಯದು, ಹೊಸ ಅರ್ಥಕ್ಕೂ ಮುಖ್ಯಾರ್ಥಕ್ಕೂ ಏನಾದರೂ ಸಂಬಂಧವಿರಬೇಕು. ಮೂರನೆಯದು, ಅದರ ಹಿಂದೆ ರೂಢಿಯಾಗಲಿ ಪ್ರಯೋಜನವಾಗಲಿ ಇರಬೇಕು. ಗಂಗೆಯ ಮೇಲೆ ಹಟ್ಟಿಯಿದೆ ಎಂದೊಡನೆ ನೀರಿನ ಮೇಲೆ ಹಟ್ಟಿ ನಿಲ್ಲದೆಂದು ಮನಸ್ಸು ತಡೆಯುತ್ತದೆ; ತಡೆದುದರಿಂದಲೇ ದಂಡೆಯನ್ನು ಹುಡುಕುತ್ತದೆ. ರೂಢಿಗೆ ಅವನು ಕೊಡುವ ಉದಾಹರಣೆ ‘ಕುಶಲ’ ಎಂಬ ಪದ. ದರ್ಭೆಯನ್ನು ಕೈ ಕುಯ್ದುಕೊಳ್ಳದೆ ಕೊಯ್ದು ತರುವವನು ಕುಶಲ. ಇಂದು ಯಾವ ಕೆಲಸದಲ್ಲಿ ನುರಿತವನನ್ನೂ ಕುಶಲ ಎನ್ನುತ್ತೇವೆ. ದರ್ಭೆ ಯಾರಿಗೂ ನೆನಪಾಗುವುದಿಲ್ಲ. ನುಡಿಗಟ್ಟೆಂಬುದು ಬಹುಮಟ್ಟಿಗೆ ಈ ರೂಢಿಲಕ್ಷಣೆಯ ಸಂತಾನ.

ಈಗ ಇಂಗ್ಲಿಷಿಗೆ ಬನ್ನಿ. ಬೆಕ್ಕು ನಾಯಿಗಳು ಸುರಿಯುತ್ತಿವೆ ಎಂದರೆ ಅಂಚೆಟ್ಟಿಯ ಕಾಡಂಚಿನ ಹುಡುಗನೂ ಆಕಾಶ ನೋಡುವುದಿಲ್ಲ. ಜೋರು ಮಳೆ ಇರಬೇಕೆಂದು ಊಹಿಸುತ್ತಾನೆ. ಬಕೆಟ್ಟನ್ನು ಒದ್ದನು ಎಂದರೆ ಅರ್ಥವಾಗದಿರಬಹುದು. ಆದರೆ ಏನೋ ಬೇರೆ ಇದೆ ಎಂಬ ಗುಮಾನಿಯಾದರೂ ಬರುತ್ತದೆ, ಸತ್ತವರ ಮನೆಯಲ್ಲಿ ಬಕೆಟ್ಟಿನ ಪ್ರಸ್ತಾಪ ಏಕೆ ಬಂತೆಂದು. ಇವು ಅಪಾಯಕಾರಿಯಲ್ಲ. ಮುಖ್ಯಾರ್ಥಕ್ಕೆ ಬಾಧೆ ಬಂದು ಅವು ತಾವಾಗಿಯೇ ಎಚ್ಚರಿಸುತ್ತವೆ. ‘ಪೋಸ್ಟೆಡ್’ ಎಂಬಲ್ಲಿ ಬಾಧೆಯೇ ಬರಲಿಲ್ಲ. ಕೆಲಸ ಕೇಳಲು ಹೋದವನಿಗೆ ಹುದ್ದೆಯ ಅರ್ಥ ಸರಾಗವಾಗಿ ಕೂಡಿಕೊಂಡಿತು. ‘ಮಾವ ಕೈಕೊಟ್ಟರು’ ಎಂಬಲ್ಲಿಯೂ ಹಾಗೆಯೇ. ಮಾವಂದಿರು ನೆರವಾಗುವುದೂ ಉಂಟು, ನಡುನೀರಿನಲ್ಲಿ ಬಿಡುವುದೂ ಉಂಟು. ತಪ್ಪು ಅರ್ಥವೂ ಸರಿಯಾದ ಅರ್ಥದಷ್ಟೇ ಚೆನ್ನಾಗಿ ಸಂದರ್ಭಕ್ಕೆ ಹೊಂದಿಬಿಟ್ಟರೆ ಕೇಳುವವನಿಗೆ ತಾನು ತಪ್ಪಿದೆನೆಂದು ತಿಳಿಯುವ ಬಗೆಯೇ ಇಲ್ಲ. ಹೊಸೂರಿನ ಬಸ್ ನಿಲ್ದಾಣದ ಪುಸ್ತಕದಂಗಡಿಗಳಲ್ಲಿ ಮಾರುವ ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿಗಳಲ್ಲಿ ಬೆಕ್ಕು, ನಾಯಿ, ಬಕೆಟ್ಟುಗಳೇ ತುಂಬಿರುತ್ತವೆ. ನಿಜವಾಗಿ ಕೈ ಸುಡುವಂಥವು ಅಲ್ಲಿರುವುದು ಅಪರೂಪ.

ನಾನು ಹೊಸೂರಿಗೆ ಬಂದದ್ದು 1998ರಲ್ಲಿ. ಆಗ ಈ ಊರು ಧರ್ಮಪುರಿ ಜಿಲ್ಲೆಯಲ್ಲಿತ್ತು. ಕೃಷ್ಣಗಿರಿ ಜಿಲ್ಲೆಯಾದದ್ದು 2004ರಲ್ಲಿ. ಎರಡು ಭಾಷೆಯ ಗಡಿಯಿಂದ ಬಂದವನಿಗೆ ಇಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಸಂತೆಯಲ್ಲಿ ಸಿಕ್ಕವು. ಮೊದಲ ತಿಂಗಳಲ್ಲೇ ನನ್ನ ಮರಾಠಿ ನನ್ನನ್ನು ಮತ್ತೊಮ್ಮೆ ಸಿಕ್ಕಿಹಾಕಿಸಿತು. ಯಾರೋ ನನ್ನ ಮೇಲೆ ಹಗೆ ಸಾಧಿಸುತ್ತಿದ್ದಾರೆ ಎಂದು ಹೇಳಹೋಗಿ, ‘ಅವರು ನನ್ನನ್ನು ನೀರಿನಲ್ಲಿ ನೋಡುತ್ತಾರೆ’ ಎಂದೆ. ಮರಾಠಿಯಲ್ಲಿ ‘ಪಾಣ್ಯಾತ್ ಪಾಹಣೆ’ ಎಂದರೆ ಅಷ್ಟು ದ್ವೇಷಿಸುವುದು. ಕೇಳಿದ ಸಹೋದ್ಯೋಗಿ, ‘ಯಾವ ಕೆರೆಯಲ್ಲಿ?’ ಎಂದರು.

ಅಂದಿನಿಂದ ಸಂತೆಯಲ್ಲಿ ಕಿವಿ ತೆರೆದುಕೊಂಡು ತಿರುಗುವುದು ರೂಢಿಯಾಯಿತು. ಕೈಕೊಡುವ ಮಾತನ್ನೇ ನೋಡಿ. ತಮಿಳಿನಲ್ಲಿ ‘ಕೈ ಕೊಡು’ ಎಂದರೆ ನೆರವಾಗು. ಮರಾಠಿಯಂತೆ, ಇಂಗ್ಲಿಷಿನ ‘ಗಿವ್ ಎ ಹ್ಯಾಂಡ್’ ಎಂಬುದರಂತೆ. ತೆಲುಗಿನವರು ‘ಹ್ಯಾಂಡ್ ಇಚ್ಚಾಡು’ ಎಂದು ಅರ್ಧ ಇಂಗ್ಲಿಷಿನಲ್ಲಿ ಹೇಳಿದರೂ ಅರ್ಥ ಮಾತ್ರ ಕನ್ನಡದ್ದೇ, ಮೋಸ ಮಾಡಿದ ಎಂದು. ಒಂದೇ ಕೈ, ಮೂರು ಭಾಷೆಗಳಲ್ಲಿ ಎತ್ತುತ್ತದೆ, ಎರಡರಲ್ಲಿ ಬೀಳಿಸುತ್ತದೆ. ಇನ್ನು ಕೈತೊಳೆಯುವುದು. ಇಂಗ್ಲಿಷಿನವರ ಕೈತೊಳೆಯುವಿಕೆ ಬೈಬಲ್ಲಿನ ಪಿಲಾತನಿಂದ ಬಂದದ್ದು, ಈ ಪಾಪದಲ್ಲಿ ನನಗೆ ಪಾಲಿಲ್ಲ ಎಂದು ಜವಾಬ್ದಾರಿ ಕಳಚುವುದು. ಕನ್ನಡದಲ್ಲಿ ಆ ಅರ್ಥವೂ ಇದೆ, ಇದ್ದುದನ್ನು ಪೂರ್ತಿ ಕಳೆದುಕೊಳ್ಳುವುದು ಎಂಬ ಅರ್ಥವೂ ಇದೆ. ಮರಾಠಿಯವರು ಹರಿಯುವ ಗಂಗೆಯಲ್ಲಿ ಕೈ ತೊಳೆಯುತ್ತಾರೆ. ಅದು ಸಿಕ್ಕ ಅವಕಾಶದಲ್ಲಿ ತಾನೂ ಒಂದಿಷ್ಟು ಲಾಭ ಮಾಡಿಕೊಳ್ಳುವುದು. ನೀರು ಒಂದೇ, ತೊಳೆದದ್ದು ಬೇರೆ ಬೇರೆ.

ಕೃಷ್ಣಗಿರಿಯ ಕಡೆಗೆ ಹೋದರೆ ರಸ್ತೆಯ ಇಕ್ಕೆಲದಲ್ಲೂ ಮಾವಿನ ತೋಪು, ತೋತಾಪುರಿಯ ರಸ ತೆಗೆಯುವ ಕಾರ್ಖಾನೆಗಳು. ಒಂದು ಬೇಸಿಗೆಯಲ್ಲಿ ಅಲ್ಲಿಯ ಮಾವಿನ ಮೇಳ ನೋಡಿ ಬಸ್ಸಿನಲ್ಲಿ ಹಿಂದಿರುಗುವಾಗ ಪಕ್ಕದಲ್ಲಿದ್ದವರು ತಮ್ಮ ಪ್ರಯಾಣದ ಬಗ್ಗೆ, ‘ಒರೇ ಕಲ್ಲುಲ ರೆಂಡು ಮಾಂಗಾ’ ಎಂದರು. ಮಗಳನ್ನು ನೋಡಿದಂತೆಯೂ ಆಯಿತು, ಹಣ್ಣು ಕೊಂಡಂತೆಯೂ ಆಯಿತು ಎಂಬ ಅರ್ಥದಲ್ಲಿ. ನಾವು ಒಂದೇ ಕಲ್ಲಿಗೆ ಎರಡು ಹಕ್ಕಿ ಎನ್ನುತ್ತೇವೆ. ಮರಾಠಿಯಲ್ಲೂ ಹಕ್ಕಿಯೇ, ತೆಲುಗಿನಲ್ಲಿ ಒಂದೇ ಏಟಿಗೆ ಎರಡು ಪಿಟ್ಟೆ, ಇಂಗ್ಲಿಷಿನಲ್ಲೂ ಹಕ್ಕಿಯನ್ನೇ ಕೊಲ್ಲುತ್ತಾರೆ. ತಮಿಳು ಮಾತ್ರ ಯಾರನ್ನೂ ಕೊಲ್ಲದೆ ಎರಡು ಮಾವು ಬೀಳಿಸಿಕೊಂಡು ಮನೆಗೆ ಹೋಗುತ್ತದೆ. ಭಾಷೆಗಳ ನಡುವೆ ಪಕ್ಷಪಾತ ಮಾಡಬಾರದೆಂಬುದು ನನ್ನ ನಿಯಮ. ಈ ಒಂದು ಕಡೆ ಅದನ್ನು ಮುರಿದಿದ್ದೇನೆ. ಕನ್ನಡದಲ್ಲಿ ಬರೆಯುವಾಗಲೂ ನಾನೀಗ ಮಾವನ್ನೇ ಬಳಸುತ್ತೇನೆ.

ಮೂರೂ ಭಾಷೆ ಒಂದಾಗುವ ಜಾಗಗಳೂ ಇವೆ. ಮೋಸ ಮಾಡುವುದಕ್ಕೆ ಕನ್ನಡದಲ್ಲಿ ಕಿವಿಯ ಮೇಲೆ ಹೂ ಇಡುತ್ತೇವೆ, ತೆಲುಗಿನಲ್ಲಿ ಕಿವಿಯೊಳಗೆ ಹೂ ಇಡುತ್ತಾರೆ, ತಮಿಳಿನಲ್ಲಿ ಕಿವಿಗೆ ಹೂ ಸುತ್ತುತ್ತಾರೆ. ಹೊಸೂರಿನ ಹೂವಿನ ಮಾರುಕಟ್ಟೆಯಲ್ಲಿ ನಿಂತು ಇದನ್ನು ಯಾವ ಭಾಷೆಯಲ್ಲಿ ಹೇಳಿದರೂ ತಿಳಿಯುತ್ತದೆ. ಆಸೆ ತೋರಿಸಿ ವಂಚಿಸುವುದಕ್ಕೆ ನಾವು ಮೂಗಿಗೆ ತುಪ್ಪ ಸವರುತ್ತೇವೆ. ವಾಸನೆ ಬರುತ್ತದೆ, ನಾಲಿಗೆ ಮುಟ್ಟುವುದಿಲ್ಲ. ನಮ್ಮ ಮರಾಠಿಯವರು ಮೊಣಕೈಗೆ ಬೆಲ್ಲ ಹಚ್ಚುತ್ತಾರೆ. ಅದೂ ನಾಲಿಗೆಗೆ ನಿಲುಕದು. ಇಂಗ್ಲಿಷಿನವರು ಕುದುರೆ ಕತ್ತೆಗಳ ಮುಂದೆ ಗಜ್ಜರಿ ತೂಗುಹಾಕುತ್ತಾರೆ. ಕನ್ನಡ ಮರಾಠಿಗಳಲ್ಲಿ ಮೋಸಹೋದವನು ಮನುಷ್ಯನಾಗಿ ಉಳಿದಿದ್ದಾನೆ ಎಂಬುದನ್ನು ಗಮನಿಸಿ. ಇವುಗಳಲ್ಲಿ ಒಂದು ಪದವನ್ನೂ ಬದಲಾಯಿಸುವಂತಿಲ್ಲ. ತುಪ್ಪದ ಬದಲು ಎಣ್ಣೆ ಸವರಿದರೆ ಅದು ನೆಗಡಿಯ ಔಷಧವಾಗುತ್ತದೆ. ನುಡಿಯನ್ನು ಕಟ್ಟಿಟ್ಟದ್ದು ನುಡಿಗಟ್ಟು. ಬಿಚ್ಚಿದರೆ ಒಳಗಿನದು ಚೆಲ್ಲಿಹೋಗುತ್ತದೆ. ತಮಿಳಿನಲ್ಲಿ ಇದಕ್ಕೆ ‘ಮರಬುತ್ತೊಡರ್’ ಎನ್ನುತ್ತಾರೆ, ಪರಂಪರೆಯಿಂದ ಬಂದ ಪದಸರಣಿ ಎಂದು. ತೆಲುಗಿನಲ್ಲಿ ‘ಜಾತೀಯಮು’. ಮರಾಠಿಯಲ್ಲಿ ‘ವಾಕ್ಪ್ರಚಾರ’, ಬಾಯಿಂದ ಬಾಯಿಗೆ ಚಲಾವಣೆಯಲ್ಲಿರುವುದು. ಒಂದೇ ವಸ್ತುವಿನಲ್ಲಿ ಒಬ್ಬರು ಕಟ್ಟನ್ನು ಕಂಡರು, ಒಬ್ಬರು ಪರಂಪರೆಯನ್ನು, ಒಬ್ಬರು ಚಲಾವಣೆಯನ್ನು.

ಕಣ್ಣಿನ ವಿಷಯವನ್ನು ಹೇಳದೆ ಮುಂದೆ ಹೋಗಲಾರೆ. ಪ್ರೀತಿಪಾತ್ರರನ್ನು ಇಂಗ್ಲಿಷಿನಲ್ಲಿ ಕಣ್ಣಿನ ಸೇಬು ಎನ್ನುತ್ತಾರೆ. ಸೇಬು ಎಲ್ಲಿಂದ ಬಂತು? ಕಣ್ಣಿನ ನಡುವಿನ ಕಪ್ಪು ಭಾಗವನ್ನು ಹಿಂದಿನವರು ದುಂಡನೆಯ ಘನವಸ್ತುವೆಂದು ಭಾವಿಸಿ ಸೇಬೆಂದು ಕರೆದರು. ನಾವು ಅದನ್ನು ಕಣ್ಣಪಾಪೆ ಎನ್ನುತ್ತೇವೆ. ಪಾಪೆ ಎಂದರೆ ಬೊಂಬೆ. ತೆಲುಗಿನ ಕನುಪಾಪ, ತಮಿಳಿನ ಪಾವೈ, ಮರಾಠಿಯ ಬಾಹುಲಿ, ಎಲ್ಲವೂ ಬೊಂಬೆಯೇ. ಎದುರಿಗೆ ನಿಂತವರ ಕಣ್ಣಿನೊಳಗೆ ಇಣುಕಿದರೆ ನಮ್ಮದೇ ಚಿಕ್ಕ ಬಿಂಬ ಬೊಂಬೆಯಂತೆ ಕಾಣುತ್ತದೆ, ಅದಕ್ಕೆ ಈ ಹೆಸರು. ಇಂಗ್ಲಿಷಿನಲ್ಲಿ ಆ ಭಾಗಕ್ಕೆ ‘ಪ್ಯೂಪಿಲ್’ ಎನ್ನುವುದು ಲ್ಯಾಟಿನ್ನಿನ ‘ಪ್ಯೂಪಿಲ್ಲ’ದಿಂದ, ಅದರ ಅರ್ಥವೂ ಪುಟ್ಟ ಹುಡುಗಿ, ಪುಟ್ಟ ಬೊಂಬೆ. ಇದು ಒಬ್ಬರು ಇನ್ನೊಬ್ಬರಿಂದ ಕಲಿತದ್ದಲ್ಲ. ಎಲ್ಲ ನಾಡಿನವರೂ ಒಬ್ಬರ ಕಣ್ಣನ್ನು ಒಬ್ಬರು ಹತ್ತಿರದಿಂದ ನೋಡಿದ್ದಾರೆ, ಅಷ್ಟೆ.

ಆದರೆ ಎಲ್ಲ ನುಡಿಗಟ್ಟುಗಳೂ ಹೀಗೆ ಮೈಯಿಂದ ಹುಟ್ಟಿದವಲ್ಲ. ಹಡಗಿನಿಂದ ಹುಟ್ಟಿದವನ್ನು ನಮ್ಮ ವಿದ್ಯಾರ್ಥಿಗಳು ಹಿಡಿಯಲಾರರು. ‘ಹಗ್ಗಗಳನ್ನು ಕಲಿ’ ಎಂದರೆ ಹೊಸ ಕೆಲಸದ ಪಟ್ಟುಗಳನ್ನು ಕಲಿ ಎಂದು. ಹಾಯಿಹಡಗಿನಲ್ಲಿ ಹಗ್ಗಗಳ ಪರಿಚಯವಿಲ್ಲದವನು ಯಾವ ಕೆಲಸಕ್ಕೂ ಬಾರನು. ‘ನಿಜಬಣ್ಣ ತೋರು’ ಎಂಬುದರ ಬಣ್ಣ ಹಡಗಿನ ಬಾವುಟದ್ದು. ಹೊಸೂರು ಸಮುದ್ರಮಟ್ಟದಿಂದ ಬಹು ಮೇಲಿರುವ ಪ್ರಸ್ಥಭೂಮಿ. ಇಲ್ಲಿಯ ಮಕ್ಕಳಿಗೆ ಹಗ್ಗವೆಂದರೆ ಎತ್ತಿನದು, ಇಲ್ಲವೇ ಬಾವಿಯದು. ಅದೇ ಕ್ರಿಕೆಟ್ಟಿನಿಂದ ಬಂದವುಗಳಿಗೆ ವಿವರಣೆಯೇ ಬೇಡ. ‘ಬ್ಯಾಕ್ ಫುಟ್ಟಿನ ಮೇಲೆ ಹೋದರು’ ಎಂದರೆ ಹಿಂದಿನ ಬೆಂಚಿನವನೂ ತಲೆದೂಗುತ್ತಾನೆ. ಆಟ ಗೊತ್ತಿದ್ದರೆ ಮಾತು ಗೊತ್ತು. ಅಂದಮೇಲೆ ವಿದ್ಯಾರ್ಥಿಗಳಲ್ಲಿ ಕೊರತೆ ಇರುವುದು ಬುದ್ಧಿಯದಲ್ಲ ಎಂಬುದು ಸ್ಪಷ್ಟ. ತಳಿಯನ್ನು ಬ್ರಿಟಿಷರು ‘ಲಿಟಲ್ ಇಂಗ್ಲೆಂಡ್’ ಎಂದು ಕರೆಯುತ್ತಿದ್ದರೆಂದು ಪ್ರವಾಸದ ಪುಸ್ತಕಗಳಲ್ಲಿ ಓದುತ್ತೇವೆ. ಹೆಸರು ಅಲ್ಲಿಯ ಹವೆಗೆ ಅಂಟಿತು, ಭಾಷೆಗೆ ಅಂಟಲಿಲ್ಲ.

ಇಂಗ್ಲಿಷಿನಿಂದ ಬಂದು ಕನ್ನಡದವೇ ಆಗಿಹೋದ ಮಾತುಗಳ ಬಗ್ಗೆ ಬೇರೆಯೇ ಬರೆಯಬೇಕು. ಬೆಳಕು ಚೆಲ್ಲು, ಮೈಲಿಗಲ್ಲು, ಹಸಿರು ನಿಶಾನೆ, ಶೀತಲ ಸಮರ: ಇವನ್ನು ಯಾರೂ ಇಂದು ಪರಕೀಯವೆಂದು ಭಾವಿಸುವುದಿಲ್ಲ. ‘ಬೆಳಕು ಚೆಲ್ಲು’ ಎಂಬುದಂತೂ ಮೂಲಕ್ಕಿಂತ ಚೆಲುವಾಗಿದೆ. ಅವರು ಬೆಳಕನ್ನು ಎಸೆಯುತ್ತಾರೆ, ನಾವು ಚೆಲ್ಲುತ್ತೇವೆ. ‘ಬಿಳಿಯಾನೆ’ಯನ್ನು ಇಂಗ್ಲಿಷಿನವರೇ ಸಯಾಮಿನ ಅರಸರಿಂದ ಎರವಲು ತಂದರು, ಆದುದರಿಂದ ನಮಗೆ ಸಾಲವಿಲ್ಲ. ‘ಕೆಂಪುಪಟ್ಟಿ’ ಮಾತ್ರ ನನಗೆ ಸರಿಬೀಳುವುದಿಲ್ಲ. ಸರ್ಕಾರಿ ಕಡತಗಳನ್ನು ಕಟ್ಟುತ್ತಿದ್ದ ಕೆಂಪು ದಾರ ಅದು. ಕನ್ನಡದಲ್ಲಿ ಪಟ್ಟಿ ಎಂದರೆ ಯಾದಿಯೂ ಆಗುವುದರಿಂದ ಒಬ್ಬ ವಿದ್ಯಾರ್ಥಿನಿ ಅದನ್ನು ಅಪರಾಧಿಗಳ ಯಾದಿ ಎಂದು ವಿವರಿಸಿ ಬರೆದಿದ್ದಳು. ಅಂಕ ಕಳೆಯಲು ನನಗೆ ಮನಸ್ಸು ಬರಲಿಲ್ಲ. ಇಂಥ ಪ್ರಶ್ನೆಗಳಿಗೆ ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ವರ್ಷಗಟ್ಟಲೆ ಉತ್ತರಿಸಿದ ಪ್ರೊ. ಜಿ. ವೆಂಕಟಸುಬ್ಬಯ್ಯನವರು 2021ರಲ್ಲಿ ತೀರಿಕೊಂಡರು. ಅವರಂತೆ ಸಾಮಾನ್ಯ ಓದುಗನ ಪ್ರಶ್ನೆಯನ್ನು ಗೌರವದಿಂದ ಎತ್ತಿಕೊಂಡು ಉತ್ತರಿಸುವವರು ಈಗ ಕಡಿಮೆ.

ಮತ್ತೆ ನನ್ನ ವಿದ್ಯಾರ್ಥಿಯ ವಿಷಯಕ್ಕೆ ಬರುತ್ತೇನೆ. ಮನೆಯಲ್ಲಿ ಅವನು ಕನ್ನಡದವನು. 2006ರ ಕಾಯ್ದೆಯಂತೆ ತಮಿಳುನಾಡಿನ ಶಾಲೆಗಳಲ್ಲಿ ತಮಿಳು ಕಲಿಕೆ ಒಂದನೆಯ ತರಗತಿಯಿಂದ ಆರಂಭವಾಗಿ ವರ್ಷಕ್ಕೊಂದು ತರಗತಿಯಂತೆ ಕಡ್ಡಾಯವಾಗುತ್ತ ಹೋಯಿತು. ಅವನು ಆ ಮೇಲಿನವನು, ತಮಿಳನ್ನು ಓದಿ ಬರೆದು ಬಲ್ಲ. ನೆರೆಮನೆಯವರಿಂದ ತೆಲುಗು ಬಂತು. ಇಷ್ಟು ಭಾಷೆಗಳ ನುಡಿಗಟ್ಟುಗಳನ್ನು ತಡವರಿಸದೆ ಬಳಸುವ ಇಪ್ಪತ್ತೊಂದು ವರ್ಷದ ಹುಡುಗನನ್ನು ಒಂದು ಇಂಗ್ಲಿಷ್ ವಾಕ್ಯ ‘ದಡ್ಡ’ನನ್ನಾಗಿ ಮಾಡಿತು. ಹಾಗೆಂದು ಅವನೇ ಹೇಳಿಕೊಂಡ. ಬೂಟಿನ ಸಾಲ ತೀರಿಸಲು ಹಸಿರುಮನೆಗೆ ಹಿಂದಿರುಗಿದಾಗ ಅವನ ಜಾಗದಲ್ಲಿ ಬೇರೊಬ್ಬನಿದ್ದ. ದಿನಗೂಲಿಯ ಮೇಲೆ ಸೇರಿಸಿಕೊಂಡರು. ತರಗತಿಗೆ ಬರುವುದನ್ನೇ ನಿಲ್ಲಿಸಿದ. ನಾನು ಎರಡು ಬಾರಿ ಅವನ ಊರಿಗೆ ಹೋದೆ. ಮೊದಲ ಬಾರಿ ಮನೆಯಲ್ಲಿದ್ದೂ ಹೊರಗೆ ಬರಲಿಲ್ಲ. ಎರಡನೆಯ ಬಾರಿ ಬಂದ. ‘ತಪ್ಪು ನಿನ್ನದಲ್ಲ, ನನ್ನದು; ಗೊತ್ತಿಲ್ಲದ್ದನ್ನು ಗೊತ್ತಿದೆ ಎಂಬಂತೆ ಹೇಳಿದೆ’ ಎಂದು ಅವನ ತಾಯಿಯ ಎದುರಿನಲ್ಲಿ ಹೇಳಿದೆ. ಅಧ್ಯಾಪಕರಾದವರಿಗೆ ಈ ವಾಕ್ಯ ಹೇಳಲು ಎಷ್ಟು ಕಷ್ಟವೆಂಬುದು ಅಧ್ಯಾಪಕರಿಗೇ ಗೊತ್ತು. ಅವನು ಪರೀಕ್ಷೆಗೆ ಬಂದು ಕುಳಿತ; ತೇರ್ಗಡೆಯಾದ.

ಅದಾದ ಮೇಲೆಯೇ ಶನಿವಾರದ ಕೂಟವನ್ನು ನಾವು ಆರಂಭಿಸಿದ್ದು. ನಿಯಮ ಒಂದೇ. ಪುಸ್ತಕದ ಪಟ್ಟಿಯಿಂದ ನುಡಿಗಟ್ಟು ತರಕೂಡದು. ನೀವು ಕಿವಿಯಾರೆ ಕೇಳಿದ್ದನ್ನು ತರಬೇಕು. ಯಾರು, ಯಾರಿಗೆ, ಎಲ್ಲಿ, ಯಾವ ಮುಖಭಾವದಲ್ಲಿ ಹೇಳಿದರು ಎಂಬುದನ್ನೂ ಬರೆದಿರಬೇಕು. ಅರ್ಥ ಆಮೇಲಿನ ಮಾತು. ಮೊದಲ ತಿಂಗಳಲ್ಲಿ ಬಂದವು ಹೆಚ್ಚಾಗಿ ಕಾರ್ಖಾನೆಗಳಲ್ಲಿ ದುಡಿಯುವ ಅಣ್ಣ ಅಕ್ಕಂದಿರಿಂದ ಕೇಳಿದವು. ಅವುಗಳಲ್ಲಿ ‘ಟೇಬಲ್ ಮಾಡು’ ಎಂಬುದನ್ನು ನಾನು ಮರೆಯಲಾರೆ. ಒಬ್ಬಳ ಅಣ್ಣನ ಕಚೇರಿಯಲ್ಲಿ ಅಮೆರಿಕದ ಗ್ರಾಹಕರೊಬ್ಬರು ಒಂದು ವಿಷಯವನ್ನು ಟೇಬಲ್ ಮಾಡೋಣ ಎಂದರಂತೆ. ಇವರು ಅದೇ ದಿನ ಚರ್ಚೆಗೆಂದು ಕಾಗದಪತ್ರಗಳನ್ನೆಲ್ಲ ಸಿದ್ಧಪಡಿಸಿಕೊಂಡು ಕುಳಿತರು. ಅವರು ಬರಲೇ ಇಲ್ಲ. ಬ್ರಿಟಿಷ್ ಬಳಕೆಯಲ್ಲಿ, ನಮ್ಮ ಶಾಸನಸಭೆಗಳ ಬಳಕೆಯಲ್ಲೂ, ಅದು ಚರ್ಚೆಗೆ ಮಂಡಿಸುವುದು. ಅಮೆರಿಕದಲ್ಲಿ ಅದು ಚರ್ಚೆಯನ್ನು ಮುಂದೂಡುವುದು. ಒಂದೇ ಇಂಗ್ಲಿಷ್, ಎರಡು ದಡ, ಎರಡು ವಿರುದ್ಧ ಅರ್ಥ. ಇದನ್ನು ಕೇಳಿದಾಗ ತರಗತಿಯಲ್ಲಿ ಮೂಡಿದ ಸಮಾಧಾನವನ್ನು ನಾನು ವರ್ಣಿಸಲಾರೆ. ಇಂಗ್ಲಿಷಿನವರೂ ಇಂಗ್ಲಿಷಿನವರಿಗೆ ಕೈಕೊಡುತ್ತಾರೆ!

ಕೂಟದಲ್ಲಿ ನಾನು ಹೇಳಿಕೊಡುವುದಕ್ಕಿಂತ ಕಲಿಯುವುದೇ ಹೆಚ್ಚು. ಒಂದನ್ನು ಮಾತ್ರ ಒತ್ತಿ ಹೇಳುತ್ತೇನೆ. ಸಂದರ್ಶನವಾಗಲಿ, ಬ್ಯಾಂಕಾಗಲಿ, ಆಸ್ಪತ್ರೆಯಾಗಲಿ, ಕೇಳಿದ ಇಂಗ್ಲಿಷ್ ವಾಕ್ಯದ ಮೇಲೆ ಮುಂದಿನ ಹೆಜ್ಜೆ ಇಡಬೇಕಾಗಿ ಬಂದರೆ, ‘ಅಂದರ ಅರ್ಥವೇನು, ನಾನು ಈಗ ಏನು ಮಾಡಬೇಕು?’ ಎಂದು ಅಲ್ಲಿಯೇ ಕೇಳಿ. ಅರ್ಥವಾಯಿತೆಂದು ಅನ್ನಿಸಿದಾಗಲೇ ಕೇಳಿ. ಅರ್ಥವಾಗದಿದ್ದಾಗ ಹೇಗೂ ಕೇಳುತ್ತೀರಿ.

ಕಳೆದ ಆಷಾಢದಲ್ಲಿ ಡೆಂಕಣಿಕೋಟೆಯ ಬಸ್ ನಿಲ್ದಾಣದಲ್ಲಿ ಆ ವಿದ್ಯಾರ್ಥಿಯ ತಾಯಿ ಎದುರಾದರು. ಮಗ ಈಗ ಬಾಗಲೂರಿನ ಕಡೆ ಒಂದು ಗೋದಾಮಿನಲ್ಲಿ ಲೆಕ್ಕ ಬರೆಯುತ್ತಿದ್ದಾನಂತೆ, ಸಂಬಳ ಪರವಾಗಿಲ್ಲವಂತೆ. ಅವರದು ತಳಿಯ ಕಡೆಯ ಕನ್ನಡ, ವಾಕ್ಯಕ್ಕೊಂದು ತಮಿಳು ಎಳೆ. ಹೊರಡುವಾಗ ಅವರು, ‘ನೀವು ನನ್ನ ಮಗನಿಗೆ ಕೈಕೊಟ್ಟಿರಿ ಸಾರ್, ಮರೆಯಲ್ಲ’ ಎಂದರು. ಕನ್ನಡದ ಕೈಯೋ ತಮಿಳಿನ ಕೈಯೋ ಎಂದು ಅವರ ಮುಖ ನೋಡಿದೆ. ಎರಡಕ್ಕೂ ಆಧಾರವಿತ್ತು. ಅಲ್ಲಿಯೇ ಕೇಳಿ ಎಂದು ನಿಮಗೆ ಹೇಳುವ ನಾನು ಕೇಳಲಿಲ್ಲ. ಅಷ್ಟರಲ್ಲಿ ಅವರ ಬಸ್ಸು ಬಂತು.

ಈ ಸೆಮಿಸ್ಟರಿನಲ್ಲಿಯೂ ಕೂಟ ಶನಿವಾರ ಮಧ್ಯಾಹ್ನ ವಿಭಾಗದ ಗ್ರಂಥಾಲಯದಲ್ಲಿ ನಡೆಯುತ್ತದೆ. ಪ್ರಥಮ ವರ್ಷದವರೂ ಬರಬಹುದು. ಹಾಳೆಯ ಮೇಲೆ ಒಂದು ಮಾತು, ಅದನ್ನು ಕೇಳಿದ ಜಾಗ, ಹೇಳಿದವರ ಕೆಲಸ, ಇಷ್ಟು ಬರೆದು ತನ್ನಿ. ಛಂದಸ್ಸಿನ ಲೇಖನವನ್ನು ಮುಂದಿನ ಸಂಚಿಕೆಗೆ ಖಂಡಿತ ಕೊಡುತ್ತೇನೆಂದು ಸಂಪಾದಕ ವಿದ್ಯಾರ್ಥಿಗಳು ನಂಬಬಹುದು.